ಕೊನೆಯ ಬೆಂಚಿನಿಂದ ಕೇಳಿದ ಡೌಟು

ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರನ್ನು ಆರಿಸುವಾಗ ಒಂದು ಪದ್ಧತಿ ಇದೆ. ಅರ್ಜಿ ಹಾಕಿದವರು ಕಾಲು ಗಂಟೆ ಪಾಠ ಮಾಡಬೇಕು. ಆರಿಸುವ ನಾವು ನಾಲ್ವರು ವಿದ್ಯಾರ್ಥಿಗಳ ಹಾಗೆ ಬೆಂಚುಗಳಲ್ಲಿ ಕೂರಬೇಕು. ವಿಭಾಗದ ಮುಖ್ಯಸ್ಥನಾದ ನನಗೆ ಕೊನೆಯ ಬೆಂಚೇ ಇಷ್ಟ. ಅಲ್ಲಿ ಕೂತರೆ ಕಿಟಕಿಯಾಚೆ ಹೊಂಗೆ ಹೂ ಉದುರುವುದು ಕಾಣುತ್ತದೆ, ಗಾಂಧಿಬಜಾರಿನ ಕಡೆಯಿಂದ ಕಾಫಿ ಬೀಜ ಹುರಿಯುವ ಘಮ ತೇಲಿ ಬರುತ್ತದೆ, ನನಗೆ ಐವತ್ತೆಂಟು ಎನ್ನುವುದೇ ಮರೆತುಹೋಗುತ್ತದೆ.

ಆ ಮಧ್ಯಾಹ್ನ ಮೂರನೆಯವರಾಗಿ ಬಂದಾಕೆ ಹನ್ನೊಂದು ವರ್ಷ ಅಲ್ಲಿ ಇಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದವರು. ಕಾಯಂ ಕೆಲಸದ ವಯಸ್ಸಿನ ಮಿತಿಗೆ ಅವರಿಗೆ ಉಳಿದಿದ್ದು ಒಂದೇ ತಿಂಗಳು. ಇದೇ ಅವರ ಕೊನೆಯ ಅವಕಾಶ ಎಂದು ಅರ್ಜಿ ನೋಡಿದ್ದ ನಮಗೆಲ್ಲ ಗೊತ್ತಿತ್ತು.

ಅವರು ಆರಿಸಿಕೊಂಡ ಪಾಠ ರಿಕರ್ಷನ್, ಅಂದರೆ ಪ್ರೋಗ್ರಾಮಿನ ಒಂದು ಫಂಕ್ಷನ್ ತನ್ನನ್ನೇ ತಾನು ಕರೆಯುವುದು. ಮೂವತ್ತು ವರ್ಷ ನಾನೂ ಅದನ್ನು ಬಾಯಿಪಾಠ ಒಪ್ಪಿಸಿದವನೇ. ಒಳಗೊಂದು ಅನುಮಾನ ಮಾತ್ರ ಹಾಗೇ ಉಳಿದಿತ್ತು. ಫ್ಯಾನಿನ ಸದ್ದು, ಆಕೆಯ ನಿಧಾನದ ದನಿ, ಜೋಂಪು ಹತ್ತಿದಂತಾಗಿ ನಾನು ನಿಜಕ್ಕೂ ವಿದ್ಯಾರ್ಥಿಯಾಗಿಬಿಟ್ಟೆ. ಕೈ ತಾನಾಗಿಯೇ ಮೇಲೆದ್ದಿತು.

"ಒಳಗಿಂದ ತನ್ನಂಥದ್ದೇ ಇನ್ನೊಂದನ್ನ ಕರೆದ್ಮೇಲೆ ಮೊದಲ್ನೇದು ಎಲ್ಲಿಗೆ ಹೋಗುತ್ತೆ ಮೇಡಂ?"

ಅವರು ನಮ್ಮನ್ನು ಒಬ್ಬರ ಹಿಂದೆ ಒಬ್ಬರಂತೆ ಕೂರಿಸಿದರು. "ಸಾಲಲ್ಲಿ ಎಷ್ಟನೇಯೋರು ಅಂತ ಮುಂದಿನೋರನ್ನ ಕೇಳಿ ಸಾರ್. ಅವ್ರು ಹೇಳಿದ್ದಕ್ಕೆ ಒಂದು ಸೇರ್ಸಿ."

ನಾನು ಮುಂದಿದ್ದ ಪ್ರಿನ್ಸಿಪಾಲರನ್ನು ಕೇಳಿದೆ, ಅವರು ತಮ್ಮ ಮುಂದಿನವರನ್ನು ಕೇಳಿದರು. ಮೊದಲ ಬೆಂಚಿನಿಂದ "ಒಂದು" ಎಂದು ಹೊರಟಿದ್ದು ನನ್ನ ಹತ್ತಿರ ಬರುವಾಗ ನಾಲ್ಕಾಗಿತ್ತು.

"ಉತ್ತರ ಬರೋವರೆಗೂ ನೀವೆಲ್ಲಿದ್ರಿ ಸಾರ್? ಇಲ್ಲೇ ಕಾಯ್ತಾ ಇದ್ರಿ. ಕಾಯೋರು ಎಲ್ಲಿಗೂ ಹೋಗಲ್ಲ."

ಎಷ್ಟು ಸಂತೋಷವಾಯಿತೆಂದರೆ, ಹುಡುಗನ ಹಾಗೆ ಇನ್ನೂ ಮೂರು ಪ್ರಶ್ನೆ ಕೇಳಿದೆ. ಗಡಿಯಾರವನ್ನು ನಾನು ನೋಡಲೇ ಇಲ್ಲ.

ಪ್ರಿನ್ಸಿಪಾಲರು ನೋಡಿದ್ದರು. ಅಂಕಪಟ್ಟಿಯಲ್ಲಿ ಸಮಯ ಪಾಲನೆ ಎಂಬ ಕಾಲಂ ಇದೆ. ಆಕೆ ಹೊರಗೆ ಹೋದ ಮೇಲೆ ಅಲ್ಲಿ ಸೊನ್ನೆ ಸುತ್ತಿದರು. "ಕಾಲು ಗಂಟೆ ಪಾಠಾನ ಅರ್ಧ ಗಂಟೆ ಎಳೆದ್ರು. ನೀವು ಏನೂ ಗೊತ್ತಿಲ್ದೋರ ಥರ ಕೇಳಿ ಚೆನ್ನಾಗಿ ಟೆಸ್ಟ್ ಮಾಡಿದ್ರಿ ಬಿಡಿ!"

ಸಮಯ ತಿಂದವನು ನಾನು ಎನ್ನಬೇಕಿತ್ತು. ಹಾಗೆಂದರೆ ಆ ಡೌಟು ನನ್ನದೇ ಎಂದೂ ಒಪ್ಪಿಕೊಳ್ಳಬೇಕಿತ್ತು. ನಾಚಿಕೆಗೇಡು, ನಾನು ನಕ್ಕು ಅಂಕಪಟ್ಟಿಗೆ ಸಹಿ ಹಾಕಿದೆ. ಆ ಸೊನ್ನೆಯಿಂದಾಗಿಯೇ ಆಕೆ ಎರಡನೆಯವರಾದರು. ಇದ್ದದ್ದು ಒಂದೇ ಹುದ್ದೆ.

ಸಂಜೆ ಆಯ್ಕೆಯಾದವರ ಹೆಸರು ಹೇಳಿದ ಮೇಲೂ ಆಕೆ ಫೈಲು ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ಸಾರ್, ಆ ಡೌಟು ನಿಜ್ವಾಗ್ಲೂ ನಿಮ್ದೇ ಅಲ್ವಾ?"

ದನಿಯಲ್ಲಿ ಕೋಪವಿರಲಿಲ್ಲ. ತಮ್ಮ ಪಾಠ ಒಬ್ಬರಿಗಾದರೂ ತಲುಪಿತೇ ಎಂದಷ್ಟೇ ಅವರಿಗೆ ತಿಳಿಯಬೇಕಿತ್ತು.

"ಇಲ್ಲಮ್ಮ, ಸುಮ್ನೆ ಟೆಸ್ಟ್ ಮಾಡಿದ್ದು," ಎಂದೆ.

"ಸರಿ ಸಾರ್," ಎಂದು ಅವರು ಮೆಟ್ಟಿಲಿಳಿದರು.