ಎಂಟು ಕಂಬಗಳ ಫಕೀರಪ್ಪನವರು

ಕುವೈತಿನ ಮರಳಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬುದೊಂದು ಬದುಕಿತ್ತು ಎಂದರೆ ಇಂದಿನವರು ನಗುತ್ತಾರೆ. ನಗಲಿ. ಪ್ರತಿ ಶುಕ್ರವಾರದ ರಜೆಗೆ ನಡೆಯುತ್ತಿದ್ದ ಆ ಪಂದ್ಯಾವಳಿಯ ಹುಟ್ಟನ್ನೂ ಕೊನೆಯನ್ನೂ ಕಂಡವರು, ಈಗ ನಿವೃತ್ತರಾಗಿ ಗದಗಿನ ಕಡೆಗೆ ಹೊರಟಿರುವ ವೆಲ್ಡಿಂಗ್ ಫೋರ್‌ಮನ್ ಫಕೀರಪ್ಪನವರು.

ತೊಂಬತ್ತೈದರಲ್ಲಿ ಮೀನಾ ಅಬ್ದುಲ್ಲಾದ ತೈಲ ಸಂಸ್ಕರಣಾಗಾರಕ್ಕೆ ಬಂದ ಆಸ್ಟ್ರೇಲಿಯದ ಇಂಜಿನಿಯರುಗಳು ಆಟ ಶುರುಮಾಡಿದಾಗ, ಬಯಲಿನ ಒಂದೊಂದು ತುದಿಗೆ ನಾಲ್ಕರಂತೆ ಎಂಟು ಕಂಬಗಳನ್ನು ಬೆಸೆದು ನಿಲ್ಲಿಸಿದವರು ಇವರೇ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲು, ಆರು ಅಂಕ. ಪಕ್ಕದ ಸಂದಿನಲ್ಲಿ ಹೋದರೆ ಒಂದೇ ಅಂಕ. ಗೋಲಿಗೆ ಎರಡು ಬಾವುಟ ಬೀಸಬೇಕು, ತಪ್ಪಿದ್ದಕ್ಕೆ ಒಂದು. ಮಡದಿ ಬಾಳಕ್ಕ ಹೊಲಿದುಕೊಟ್ಟ ಬಿಳಿ ಬಾವುಟ ಹಿಡಿದು ನಿಂತ ಫಕೀರಪ್ಪನವರು ಆ ನಿಯಮಕ್ಕೇ ಮನಸೋತುಬಿಟ್ಟರು. “ಗುರಿ ತಪ್ಪಿದಾಂವಗೂ ಒಂದ್ ಪಾಯಿಂಟ್ ಕೊಡೂ ಆಟ ಬ್ಯಾರೆ ಎಲ್ಲೈತಿ ಹೇಳ್ರಿ?” ಎನ್ನುತ್ತಿದ್ದರು.

ಖೈತಾನ್ ಬಡಾವಣೆಯ ತಂಡದ ಶಬೀರ್, ಪುತ್ತೂರಿನ ಕಡೆಯ ಬ್ಯಾರಿ ಹುಡುಗ, ಅಂಗಡಿಯ ಕೆಲಸಕ್ಕೆ ಬಂದವನು, ಆಡುತ್ತ ಕಾಲು ಮುರಿದುಕೊಂಡಾಗ ಅವನನ್ನು ಮನೆಗೆ ಕರೆತಂದು, ಎದ್ದು ಓಡಾಡುವವರೆಗೂ ರೊಟ್ಟಿ ತಿನ್ನಿಸಿ ಸಾಕಿದವರು ಈ ದಂಪತಿಗಳು.

ಆಮೇಲೆ ಆಸ್ಟ್ರೇಲಿಯದವರ ಗುತ್ತಿಗೆ ಮುಗಿಯಿತು, ಒಬ್ಬೊಬ್ಬರಾಗಿ ಹೋದರು. ಖೈತಾನಿನವರಿಗೆ ಎದುರಾಳಿಯಾಗಿದ್ದ ರಾಯ್ ಬಡಾವಣೆಯ ತಂಡ ಒಡೆಯಿತು. ಫಕೀರಪ್ಪನವರು ಖೈತಾನಿನ ಮನೆಮನೆಗೆ ಹೋಗಿ ಹುಡುಗರನ್ನು ಕರೆದರು. ಕ್ರಿಕೆಟ್ ಇದೆಯಲ್ಲ ಅಂಕಲ್ ಎಂದು ಹುಡುಗರು ಇಂಗ್ಲಿಷಿನಲ್ಲೇ ಸಾಗಹಾಕಿದರು. ಎರಡು ಸಾವಿರದ ಒಂಬತ್ತರ ಫೈನಲಿಗೆ ಎದುರಾಳಿ ತಂಡವೇ ಬರಲಿಲ್ಲ. ಆದರೂ ಪ್ರತಿ ಚಳಿಗಾಲ ಕಂಬಗಳಿಗೆ ಬಣ್ಣ ಬಳಿಯುತ್ತಲೇ ಇದ್ದರು. ಕಂಬ ನಿಂತಿದ್ದರೆ ಯಾರಾದರೂ ಬಂದೇ ಬರುತ್ತಾರೆ ಎಂಬ ಹುಚ್ಚು ನಂಬಿಕೆ, ಪಾಪ.

ಯಾರೂ ಬರಲಿಲ್ಲ. ಈ ವರ್ಷ ಕಂಪನಿಗೆ ಪೈಪು ಪೇರಿಸಲು ಆ ಬಯಲೇ ಬೇಕೆಂದಾಯಿತು. ಒಂದು ತುದಿಯ ನಾಲ್ಕು ಕಂಬಗಳನ್ನಾದರೂ ಬಿಡಿ ಎಂದು ಅವರು ಮ್ಯಾನೇಜರನ್ನು ಬೇಡಿಕೊಂಡರು. ಖಲಾಸ್, ಎಂದನಾತ. ಗ್ಯಾಸ್ ಕಟರ್ ಹಿಡಿಯಲು ಬೇರೆಯವರಿದ್ದರು. ಅಡ್ಡಾದಿಡ್ಡಿ ಕೊಯ್ದಾರು ಎಂದು ಫಕೀರಪ್ಪನವರು ತಾವೇ ಎಂಟನ್ನೂ ಕತ್ತರಿಸಿದರು. ಸೇವೆಯ ಕೊನೆಯ ವಾರದ ಕೆಲಸ ಅದು.

ಅಂದು ಶಬೀರ್ ಹಳೆಯ ಚೆಂಡು ತಂದಿದ್ದ. ಬರಿಯ ಬಯಲಿನತ್ತ ಒದ್ದ. ಮನೆಗೊಯ್ಯಲೆಂದು ಮಡಚಿಟ್ಟಿದ್ದ ಬಾವುಟಗಳನ್ನು ಹಿಡಿದು ಫಕೀರಪ್ಪನವರು ಅಭ್ಯಾಸಬಲದಿಂದ ಎದ್ದು ನಿಂತರು.

“ಎಂತ ಫಕೀರಪ್ಪಣ್ಣ, ಗೋಲಾ?”

“ಕಂಬ ಇಲ್ಲಲ್ಲೋ ತಮ್ಮಾ. ತಪ್ಪೇತಿ ಅಂತನೂ ಹ್ಯಾಂಗ ಹೇಳ್ಲಿ?”

ಒಂದು ಬಾವುಟವೂ ಮೇಲೇಳಲಿಲ್ಲ.

ದೇವರು ಅವರಿಗೂ ಬಾಳಕ್ಕನವರಿಗೂ ದೀರ್ಘಾಯುಷ್ಯ ಕೊಡಲಿ. ಸೇವೆ ಹೀಗೆಯೇ ಮುಂದುವರಿಯಲಿ ಎಂದು ಹಾರೈಸಲು ಮಾತ್ರ ನಾಲಗೆ ಏಳುತ್ತಿಲ್ಲ. ತಾವು ನಿಲ್ಲಿಸಿದ್ದನ್ನು ತಾವೇ ಕತ್ತರಿಸುವ ಕೆಲಸ ಆ ಕೈಗಳಿಗೆ ಇನ್ನೊಮ್ಮೆ ಬಾರದಿರಲಿ.