ಕರಿಬೇವಿಗೆ ಕಟ್ಟಿದ ಕೆಂಪು ಬಟ್ಟೆ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಗಿಡಕ್ಕೆ ನೀರು ಹಾಕಬೇಕು, ಮಂಡಿ ನೋವು, ಕರೆಂಟು ಹೋಯಿತು ಎಂದು ಏನಾದರೊಂದು ನೆಪ ಸಿಗುತ್ತಿತ್ತು. ಓದಿದ್ದು ಹೈಸ್ಕೂಲಿನವರೆಗೆ, ನನಗೆಲ್ಲಿ ಬರೆಯಲು ಬರುತ್ತದೆ ಎಂಬುದೂ ಅಂಥದೇ ನೆಪ.

ಈಗ ನಾನು, ನನ್ನ ಹೆಂಡತಿ ಶಿವಮೊಗ್ಗದ ಗೋಪಾಳದಲ್ಲಿ ಮಗಳ ಮನೆಯಲ್ಲಿದ್ದೇವೆ. ಮಹಡಿಯ ಮೇಲೆ ಒಂದಷ್ಟು ಕುಂಡ ಇಟ್ಟುಕೊಂಡಿದ್ದೇನೆ. ಅಷ್ಟಕ್ಕೇ ಬೀದಿಯವರಿಗೆಲ್ಲ ನಾನು ಗಿಡದ ಡಾಕ್ಟರು. ಮೊನ್ನೆ ಎದುರು ಮನೆಯಾಕೆ ದಾಸವಾಳದ ಒಂದು ಟೊಂಗೆಯನ್ನೇ ಮುರಿದುಕೊಂಡು ಮಹಡಿಗೆ ಬಂದರು.

"ಅಂಕಲ್, ಯಾರೋ ಅಕ್ಕಿಹಿಟ್ಟು ಮೆತ್ತಿದಂಗಾಗಿದೆ ನೋಡಿ."

"ಹಿಟ್ಟು ತಿಗಣೆ ಅದು. ಇರುವೆ ಓಡಾಡ್ತಿದಾವಾ?"

"ಸಾಲುಸಾಲು."

"ಅವೇ ಇದನ್ನ ಸಾಕೋದು. ತಿಗಣೆ ಸಿಹಿ ಅಂಟು ಬಿಡುತ್ತೆ, ಇರುವೆ ಅದನ್ನ ನೆಕ್ಕುತ್ತೆ, ಕಾವಲೂ ಕಾಯುತ್ತೆ."

"ಅಯ್ಯೋ ಮಾರಾಯ್ರೇ, ನಮ್ಮನೆ ಇರುವೆ ಡೈರಿ ಇಟ್ಟಿದಾವೆ ಅನ್ನಿ!"

ಮೊದಲು ಇರುವೆಯ ದಾರಿ ತಪ್ಪಿಸಿ, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಬೇವಿನ ಎಣ್ಣೆ ಹೊಡೆಯಿರಿ ಎಂದೆ. ಗುಲಾಬಿ ಮೊಗ್ಗಿನ ಹಸಿರು ಹೇನಿಗೂ ಇದೇ ಮದ್ದು, ಆದರೆ ಚುಕ್ಕೆಯ ಗುಲಗಂಜಿ ಹುಳ ಕಂಡರೆ ಕೊಲ್ಲಬೇಡಿ, ಅದು ಹೇನು ತಿನ್ನುತ್ತದೆ ಎಂದೂ ಹೇಳಿದೆ. ಇಷ್ಟರವರೆಗೆ ಮಾತು ಸಲೀಸು. ಆಕೆ ಹೋಗುವಾಗ, "ಕರಿಬೇವಿಗೂ ಏನಾದ್ರೂ ಹೊಡೀಬೋದಾ ಅಂಕಲ್?" ಎಂದರು. ಮೆಟ್ಟಿಲ ಪಕ್ಕದ ಅಡುಗೆಮನೆಯಿಂದ ಬರುತ್ತಿದ್ದ ಪಾತ್ರೆಯ ಸದ್ದು ನಿಂತಿತು. ನನ್ನ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು. ಕೆಳಗೆ ಹೋಗಬೇಕೆಂದರೆ ಅವಳ ಮುಂದೆಯೇ ದಾಟಬೇಕು. ನಾನು ಕುಂಡವೊಂದರ ಒಣಗಿದ ಎಲೆ ಆರಿಸತೊಡಗಿದೆ.

ಮೊದಲು ನಾವಿದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಮ್ಮ ಹಿತ್ತಲಿನ ಕರಿಬೇವಿನ ಗಿಡದಿಂದ ಇಡೀ ಸಾಲಿನ ಮನೆಗಳಿಗೆ ಒಗ್ಗರಣೆ. ಯಾರೂ ಕೇಳಿ ಕೀಳುತ್ತಿರಲಿಲ್ಲ. ಅಡುಗೆಯ ಗಿಡಕ್ಕೆ ಸೋಪು, ಬೇವು ಬಿಟ್ಟು ಬೇರೇನೂ ಹೊಡೆಯಬಾರದು, ಅದನ್ನು ಹೊಡೆದರೂ ಕೊಂಬೆಗೆ ಕೆಂಪು ಬಟ್ಟೆ ಕಟ್ಟಬೇಕು, ಬಟ್ಟೆ ಬಿಚ್ಚುವವರೆಗೆ ಎಲೆ ಮುಟ್ಟಬಾರದು. ಈ ಕಟ್ಟಳೆಯನ್ನು ಸಾಲಿನವರಿಗೆ ಹೇಳಿಕೊಟ್ಟವನೇ ನಾನು.

ಆ ವರ್ಷ ಗಿಡಕ್ಕೆ ಹುಳ ಬಿತ್ತು. ಮರಿಯಾಗಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ, ಬಲಿತ ಮೇಲೆ ಎಲೆಯಷ್ಟೇ ಹಸಿರು. ಪಕ್ಕದ ಮನೆಯ ಸೊಸೆ ಮಾಡಿದ ಸಾರಿನಲ್ಲಿ ಅಂಥದೊಂದು ಬಿದ್ದು, ಆಕೆಯ ಅತ್ತೆಯ ಗಂಟಲು ಬೀದಿಗೆಲ್ಲ ಕೇಳಿಸಿತು. "ನನಗೆ ಹುಳ ತಿನ್ನಿಸ್ತೀಯೇನೇ?"

ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಹುಡುಗಿ ಬೇಲಿಯ ಹತ್ತಿರ ಬಂದು ಕೇಳಿದಳು. "ಅಂಕಲ್, ಏನಾದ್ರೂ ಮಾಡಿ. ಹೊಡೆದ್ರೆ ಹೇಳಿ, ನಾನು ಕೀಳಲ್ಲ."

"ಆಯ್ತಮ್ಮ" ಎಂದೆ.

ಕೈಯಿಂದ ಆರಿಸಿ ತೆಗೆದಿದ್ದರೆ ಒಂದು ಬೆಳಗಿನ ಕೆಲಸ. ನನಗೆ ಸೋಮಾರಿತನ. ಗದ್ದೆ ಮಾಡುವ ಭಾವಮೈದ ಬಿಟ್ಟುಹೋಗಿದ್ದ ಬೆಳೆಯ ಔಷಧಿ ಮನೆಯಲ್ಲಿತ್ತು. ಮಧ್ಯಾಹ್ನ ಸಾಲಿನವರೆಲ್ಲ ಮಲಗಿದ್ದಾಗ ಅದನ್ನೇ ಹೊಡೆದೆ. ಬಟ್ಟೆ ಕಟ್ಟಿದರೆ ಯಾವ ಔಷಧಿ ಎಂದು ಕೇಳುತ್ತಾರೆ. ನನ್ನ ಕಟ್ಟಳೆಯನ್ನು ನಾನೇ ಮುರಿದಂತಾಗುತ್ತದೆ. ಸಂಜೆ ಪೈಪಿನಲ್ಲಿ ನೀರು ಬಿಟ್ಟರೆ ತೊಳೆದು ಹೋಗುತ್ತದೆ ಅಂದುಕೊಂಡೆ. ನೀರು ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಎಲೆ ಕಿತ್ತು ಚಟ್ನಿ ಅರೆದಳು. ಗಂಡ ಮೊದಲ ಪಾಳಿಗೆ ಹೋಗಿದ್ದ. ಸಂಕಷ್ಟಿಯಾದ್ದರಿಂದ ಆಕೆಗೆ ಉಪವಾಸ. ತಿಂದವರು ಅತ್ತೆ ಒಬ್ಬರೇ. ಸ್ವಲ್ಪ ಹೊತ್ತಿಗೆ ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಆಟೋಗೆ ಹತ್ತಿಸುವಾಗ ಯಾರೋ "ಏನು ತಿಂದಿದ್ರು?" ಎಂದರು. "ಕರಿಬೇವಿನ ಚಟ್ನಿ" ಎಂದಳು ಸೊಸೆ.

ಆಟೋ ತಿರುವು ದಾಟಿದ ಮೇಲೆ ನಾನು ಹಿತ್ತಲಿಗೆ ಹೋಗಿ ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದೆ. ತಿರುಗಿದರೆ ಬಾಗಿಲಲ್ಲಿ ನನ್ನ ಹೆಂಡತಿ.

ಅತ್ತೆ ಬದುಕಿಕೊಂಡರು. ಆದರೆ ಆ ಸಂಜೆಯೇ ಅವರ ಮಗ ಹೆಂಡತಿಯ ರಟ್ಟೆ ಹಿಡಿದು ಗಿಡದ ಹತ್ತಿರ ಎಳೆದು ತಂದ. "ಇಷ್ಟುದ್ದ ಬಟ್ಟೆ ನೇತಾಡ್ತಿದೆ, ಕಣ್ಣು ಕಾಣ್ಸಲಿಲ್ವಾ? ಬೇಕಂತ್ಲೇ ಕಿತ್ಯಾ? ಅದಕ್ಕೇ ನೀನು ತಿನ್ನಲಿಲ್ವಾ?"

"ದೇವ್ರಾಣೆ ಬೆಳಗ್ಗೆ ಇರ್ಲಿಲ್ಲ ರೀ. ಅಂಕಲ್, ನೀವೇ ಹೇಳಿ."

ಸಾಲಿನವರೆಲ್ಲ ನನ್ನ ಮುಖ ನೋಡುತ್ತಿದ್ದರು.

"ನಿನ್ನೆನೇ ಕಟ್ಟಿದ್ನಲ್ಲಮ್ಮ" ಎಂದೆ.

ಬಟ್ಟೆ ಕಂಡ ಮೇಲೆ ಯಾವ ಔಷಧಿ ಎಂದು ಯಾರೂ ಕೇಳಲಿಲ್ಲ. ಆಕೆಯನ್ನು ತವರಿಗೆ ಕಳಿಸಿದರು. ಮತ್ತೆ ಕರೆಸಿಕೊಳ್ಳಲಿಲ್ಲ. ನನ್ನ ಹೆಂಡತಿ ಆ ವಿಷಯವನ್ನು ಎತ್ತಲೇ ಇಲ್ಲ. ನಮ್ಮ ಮನೆಯ ಒಗ್ಗರಣೆಗೆ ಅಂದಿನಿಂದ ಕರಿಬೇವು ಬಿದ್ದಿಲ್ಲ. ಮಗಳು ಕೇಳಿದರೆ, "ನಿಮ್ಮಪ್ಪನಿಗೆ ಆಗಲ್ಲ" ಎನ್ನುತ್ತಾಳೆ.

ಕಳೆದ ವರ್ಷ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಸೀರೆ ಬಿಚ್ಚಿ ತೋರಿಸುತ್ತಿದ್ದವಳು ಪಕ್ಕದ ಮನೆಯ ಆ ಸೊಸೆಯೇ. ಅಂಗಡಿ ತುಂಬ ಜನ, ಹಿಂದೆ ಸರಿಯಲು ಜಾಗವಿಲ್ಲ. ಸಿಟ್ಟಿಲ್ಲದ ಮುಖದಲ್ಲಿ, "ಚೆನ್ನಾಗಿದ್ದೀರಾ ಅಂಕಲ್?" ಎಂದಳು. ಸೀರೆ ಮಡಚುತ್ತಾ ದನಿ ತಗ್ಗಿಸಿದಳು. "ಒಂದು ಕೇಳ್ಲಾ? ಈಗೀಗ ನನಗೇ ಡೌಟು. ಬಟ್ಟೆ ಇತ್ತೇನೋ, ನಾನೇ ನೋಡ್ಲಿಲ್ವೇನೋ ಅಂತ. ಇತ್ತಾ ಅಂಕಲ್?"

"ಹೋಗ್ಲಿ ಬಿಡಮ್ಮ, ಹಳೇದು" ಎಂದೆ.

"ಹೌದು, ನಾನೇ ನೋಡಿರಲ್ಲ" ಎಂದು ಆಕೆ ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಹೊರಗೆ ಬಂದ ಮೇಲೆ ನನ್ನ ಹೆಂಡತಿ ಅಂದದ್ದು ಒಂದೇ ಮಾತು. "ಅವಳ ಕಣ್ಣನ್ನೂ ಕಿತ್ಕೊಂಡ್ರಿ."

ಆಮೇಲೆ ಆ ಬೀದಿಯ ತುದಿಯವರೆಗೆ ಹೋಗಿ ಹೋಗಿ ವಾಪಸು ಬಂದಿದ್ದೇನೆ. ದೇವರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ, ಹೆಂಡತಿಯ ಮುಂದೆ ಅತ್ತಿದ್ದೇನೆ. ಅದು ಸುಲಭ. ಆ ಬೆಳಿಗ್ಗೆ ಗಿಡದಲ್ಲಿ ಬಟ್ಟೆ ಇರಲಿಲ್ಲ. ಆಕೆ ಸರಿಯಾಗಿಯೇ ನೋಡಿದ್ದಳು. ಇದನ್ನು ಯಾರಿಗೆ ಹೇಳಬೇಕೋ ಅವಳಿಗೇ ಹೇಳಿಲ್ಲ, ಅವಳಲ್ಲೇ ಕ್ಷಮೆ ಕೇಳಿಲ್ಲ: ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಗೆ ಸೊಸೆಯಾಗಿ ಬಂದಿದ್ದ ಆ ಹುಡುಗಿಯಲ್ಲಿ.