ತಂಗಿಯ ರಾಜೀನಾಮೆ ಬರೆದುಕೊಟ್ಟವಳು

ಪ್ರತಿ ವರ್ಷ ಮಾರ್ಚ್ ಬಂದರೆ ಕಲಬುರಗಿಯ ಗಂಡಸರಿಗೆ ಹೆಂಗಸರ ನೆನಪಾಗುತ್ತದೆ. ಆ ಒಂದು ವಾರ ನನ್ನ ಫೋನಿಗೆ ಬಿಡುವಿಲ್ಲ. ಬ್ಯಾಂಕಿನವರು, ಶಾಲೆಯವರು, ಸಂಘದವರು, ಎಲ್ಲರಿಗೂ ಮಹಿಳಾ ದಿನಾಚರಣೆಗೆ ಒಬ್ಬ ಅತಿಥಿ ಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿ, ಶಹಾಬಜಾರದ ಗಲ್ಲಿಯೊಂದರಲ್ಲಿ ಒಬ್ಬಳೇ ಇರುವ ನಾನು ಒಂದು ಆಟೋ ಕಳಿಸಿದರೆ ಸಿಗುತ್ತೇನೆ. ಅಲ್ಲಿ ನಡೆಯುವುದೂ ಪ್ರತಿ ಸಲ ಅದೇ. ಮೊದಲು ರಂಗೋಲಿ ಸ್ಪರ್ಧೆ, ಆಮೇಲೆ ಹೆಂಗಸರಿಗೆ ಸಂಗೀತ ಕುರ್ಚಿ. ಆಮೇಲೆ ಅಧ್ಯಕ್ಷ ಮಹಾಶಯ ಎದ್ದು ನಿಂತು ಹೆಣ್ಣು ಎಂದರೆ ತಾಯಿ, ತಂಗಿ, ಮಡದಿ ಎನ್ನುತ್ತಾನೆ. ಅಲ್ಲಿಗೆ ಅವನ ಪಟ್ಟಿ ಮುಗಿಯುತ್ತದೆ. ಅಡುಗೆ ಮನೆಯಿಂದ ಪಲಾವಿನ ವಾಸನೆ ಬರಲು ಶುರುವಾದ ಮೇಲೆ ನನ್ನ ಕೈಗೆ ಮೈಕು ಕೊಡುತ್ತಾರೆ.

ನನ್ನ ಉಪನ್ಯಾಸ ಒಂದೇ. ಅದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಬ್ರಿಟನ್ನಿನ ಸಿಂಹಾಸನದಲ್ಲಿ ಕೂತ ಹೆಂಗಸರು, ಅವರ ಸಾಮ್ರಾಜ್ಯ ಕರಗಿದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಪ್ರಧಾನಿಯಾದ ಹೆಂಗಸರು. ಪರದೇಶದ ರಾಜಕುಮಾರನನ್ನು ಮದುವೆಯಾಗಿ, ಅವನ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದನ್ನು ಮದುವೆಗೆ ಮೊದಲೇ ಕಾಗದದಲ್ಲಿ ಬರೆಸಿಕೊಂಡ ರಾಣಿ. ಅವಳ ನಂತರ ಬಂದು ಮದುವೆಯೇ ಬೇಡವೆಂದ ಅವಳ ತಂಗಿ. ಗಂಡ ಸತ್ತ ಮೇಲೆ ಸಾಯುವವರೆಗೂ ಕಪ್ಪು ಬಟ್ಟೆ ಬಿಡದೆ, ಪತ್ರಿಕೆಯವರು ಎಷ್ಟೇ ಛೇಡಿಸಿದರೂ ಪೀಠವನ್ನೂ ಬಿಡದೆ, ನಲವತ್ತು ವರ್ಷ ಸರ್ಕಾರದ ಕಾಗದಗಳನ್ನು ಓದಿ ಸಹಿ ಹಾಕಿದ ಮತ್ತೊಬ್ಬಳು. ನಮ್ಮ ದೇಶದ ಕೆಳಗಿರುವ ದ್ವೀಪದಲ್ಲಿ, ಅಳುವ ವಿಧವೆ ಎಂದು ವಿರೋಧಿಗಳು ನಗುತ್ತಿದ್ದಾಗಲೇ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದವಳು. ಇತಿಹಾಸ ಬರೆದ ಗಂಡಸರು ಪ್ರತಿ ರಾಣಿಗೂ ಎರಡೇ ಪ್ರಶ್ನೆ ಕೇಳುತ್ತಾರೆ, ಯಾಕೆ ಮದುವೆಯಾದಳು, ಯಾಕೆ ಆಗಲಿಲ್ಲ ಎಂದು. ಇಲ್ಲಿಗೆ ಬಂದಾಗ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ನಾನು ಮದುವೆಯಾಗದವಳಾದ್ದರಿಂದ ಮುಂದಿನ ಸಾಲಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಮುಖಗಳಿಗೆ ನಾನು ಮೂರು ಕಾಸಿನ ಬೆಲೆ ಕೊಟ್ಟವಳಲ್ಲ.

ನನ್ನ ಒಬ್ಬಳೇ ತಂಗಿಯನ್ನು ಕೊಟ್ಟದ್ದು ಮಹಾಗಾಂವ ದಾಟಿದ ಮೇಲೆ ಕಮಲಾಪುರದ ಕಡೆಗಿರುವ ಒಂದು ಹಳ್ಳಿಗೆ. ಗಂಡನಿಗೆ ಜೋಳ, ತೊಗರಿ ಬೆಳೆಯುವ ಹೊಲ, ಜೊತೆಗೆ ಸಣ್ಣ ವ್ಯಾಪಾರ. ಆ ಊರಿನ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅವನು ಹೆಂಡತಿಯನ್ನು ನಿಲ್ಲಿಸಿದ. ಗೆದ್ದ ದಿನ ಹೂವಿನ ಹಾರ ಬಿದ್ದದ್ದು ಅವನ ಕೊರಳಿಗೆ. ಅವಳು ಅವನ ಹಿಂದೆ ನಿಂತು ಹಾರದ ಹೂ ಉದುರಿದ್ದನ್ನು ಆರಿಸುತ್ತಿದ್ದಳು, ನಾನೇ ನೋಡಿದ್ದೇನೆ. ಅಂದಿನಿಂದ ಪಂಚಾಯಿತಿ ಕಚೇರಿಯ ಕುರ್ಚಿಯಲ್ಲಿ ಅವನು ಕೂಡುತ್ತಿದ್ದ. ಅವಳನ್ನು ಸಹಿ ಬೇಕಾದಾಗ ಕರೆಸುತ್ತಿದ್ದರು. ಹಿಟ್ಟಿನ ಕೈ ತೊಳೆದುಕೊಂಡು ಬಂದು, ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿ, ಮತ್ತೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಓದಿದ ಅಧಿಕಾರಿಗಳೇ ಅವನನ್ನು ಅಧ್ಯಕ್ಷರೇ ಎಂದು ಕರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ರಾಣಿಯ ಗಂಡನಾದವನಿಗೆ ರಾಜನೆಂಬ ಹೆಸರು ತಾನಾಗಿ ಬರುವುದಿಲ್ಲ. ಇಲ್ಲಿ ಕೇಳದಿದ್ದರೂ ಕೊಡುತ್ತಾರೆ.

ಒಮ್ಮೆ ಊಟಕ್ಕೆ ಕೂತಾಗ ನಾನು ಇದನ್ನು ಅವನಿಗೇ ಹೇಳಿದೆ. ಅಲ್ಲಿ ರಾಣಿ ಮುಂದೆ ನಡೆದರೆ ಗಂಡ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದ ಎಂದೆ. ಅವನು ರೊಟ್ಟಿ ಮುರಿಯುತ್ತ ನಕ್ಕ.

"ಹಿಂದ ನಡಿಯಾಕ ನಂದೇನು ತಕರಾರಿಲ್ರೀ ಅಕ್ಕಾರ. ಆದರ ಹಾದಿ ಗೊತ್ತಿದ್ದವ್ರು ಮುಂದ ಇರಬೇಕಲ್ಲ?"

ತಂಗಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಅವನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಬೆನ್ನಿಗೆ ಎಲುಬಿಲ್ಲದವಳು ಎಂದುಕೊಂಡೆ. ಆ ವರ್ಷ ಕಮಲಾಪುರದ ಮಹಿಳಾ ದಿನಾಚರಣೆಗೆ ನನ್ನನ್ನು ಕರೆದಿದ್ದರು. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಅವನು, ಕೆಳಗೆ ಎರಡನೆಯ ಸಾಲಿನಲ್ಲಿ ಅವಳು. ನಾನು ಕಪ್ಪು ಬಟ್ಟೆಯ ರಾಣಿಯ ಕಥೆ ಹೇಳುವಾಗ ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಪಾಪ, ಅಕ್ಕನ ಮೇಲಿನ ಅಭಿಮಾನ ಎಂದುಕೊಂಡೆ.

ಅವಳು ಗೆದ್ದು ಎರಡು ವರ್ಷವಾದ ಮೇಲೆ, ತೊಗರಿ ಹೂವಿಗೆ ಬಂದ ಹೊತ್ತಿನಲ್ಲಿ, ಅವನು ತೀರಿಕೊಂಡ. ಎದೆನೋವೆಂದು ಕಲಬುರಗಿಗೆ ಕರೆತರುವಾಗ ದಾರಿಯಲ್ಲೇ ಹೋದ. ಅವನ ಬಗ್ಗೆ ಈಗ ಕೆಟ್ಟದ್ದು ಆಡುವುದಿಲ್ಲ, ಆಡಬೇಕಾದದ್ದನ್ನು ಬದುಕಿದ್ದಾಗಲೇ ಆಡಿದ್ದೇನೆ. ಆದರೆ ಊರಿನವರ ಬಗ್ಗೆ ಆಡದಿರಲಾರೆ. ಅವನ ಮಣ್ಣಿಗೆ ಹೋದಾಗ ಮನೆಯ ಮುಂದೆ ದೊಡ್ಡ ಬ್ಯಾನರು ಕಟ್ಟಿದ್ದರು. ಅವನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ, ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದಿತ್ತು. ಬದುಕಿದ್ದ ಅಧ್ಯಕ್ಷೆ ಆ ಬ್ಯಾನರಿನ ಕೆಳಗೇ ಕೂತು ಅಳುತ್ತಿದ್ದಳು. ಬಂದವರಲ್ಲಿ ಒಬ್ಬರಿಗೂ ಅದು ತಪ್ಪೆಂದು ತೋಚಲಿಲ್ಲ. ಸದಸ್ಯರು ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು.

ಅಧ್ಯಕ್ಷರೇ ಸತ್ತ ಮೇಲೆ ಕುರ್ಚಿ ಖಾಲಿಯಾಯಿತು ಎಂಬುದು ಎಲ್ಲರ ತೀರ್ಮಾನವಾಗಿತ್ತು. ದಿನದ ಕಾರ್ಯ ಮುಗಿದ ಮರುದಿನ ತಂಗಿಯ ಮೈದುನ ಒಂದು ಬಿಳಿ ಹಾಳೆ ಹಿಡಿದುಕೊಂಡು ಪಡಸಾಲೆಗೆ ಬಂದ. ಉಪಾಧ್ಯಕ್ಷ ಅವನ ಗೆಳೆಯ. ಅತ್ತಿಗೆ ರಾಜೀನಾಮೆ ಕೊಟ್ಟರೆ ಮುಂದಿನದನ್ನು ಅವರಿಬ್ಬರೂ ಸೇರಿ ನೋಡಿಕೊಳ್ಳುತ್ತಾರೆ. ಅವನು ಅವಳಿಗೆ ಹೇಳಲಿಲ್ಲ, ನನಗೆ ಹೇಳಿದ.

"ಅಕ್ಕಾರ, ನೀವು ಓದಿದವ್ರು. ಚಂದಂಗ ಒಂದು ರಾಜೀನಾಮಿ ಬರ್ದು ಕೊಡ್ರಿ. ಗಂಡ ಇಲ್ಲದಾಕಿ ಮಂದಿ ನಡುವ ಖುರ್ಚಿ ಹಾಕ್ಕೊಂಡು ಕೂತ್ರ ಮನಿ ಇಜ್ಜತ್ ಏನ್ ಉಳಿತದ?"

ಇಂಥ ಮಾತಿಗೆ ಕೊಡಬೇಕಾದ ಉತ್ತರ ನನ್ನ ಬಾಯಲ್ಲಿ ಮೂವತ್ತು ವರ್ಷದಿಂದ ಸಿದ್ಧವಾಗಿತ್ತು. ಬ್ಯಾಂಕಿನ ಮ್ಯಾನೇಜರರ ಮುಂದೆ, ಪ್ರಿನ್ಸಿಪಾಲರ ಮುಂದೆ, ಮೈಕಿನ ಮುಂದೆ ಎಷ್ಟು ಸಲ ಆಡಿದ್ದೆನೋ. ಆ ಪಡಸಾಲೆಯಲ್ಲಿ ಆಡಲಿಲ್ಲ. ಅವನು ಹೊರಗೆ ಹೋದ ಮೇಲೆ ತಂಗಿ ನನ್ನ ಹತ್ತಿರ ಬಂದು ಕೂತಳು. ಹಣೆಯಲ್ಲಿ ವಿಭೂತಿ ಮಾತ್ರ ಇತ್ತು.

"ಅಕ್ಕಾ, ನಂಗ ಬಿಡಾಕ ಮನಸಿಲ್ಲ."

"ಯಾಕ?"

"ಎರಡು ವರ್ಷ ಬರೇ ಸಹಿ ಮಾಡೀನಿ. ಒಂದ್ ದಿನಾನೂ ಕೂತಿಲ್ಲ. ಒಮ್ಮೆ ಕೂತು ನೋಡ್ತೀನಿ."

"ನಾಳಿಂದ ಇದೇ ಮನ್ಯಾಗ ಬಾಳೇವು ಮಾಡಬೇಕು ನೀ," ಎಂದೆ. "ಹೊಲ ಮಾಡೋನು ಮೈದುನ. ಅವನ್ನ ಎದುರು ಹಾಕ್ಕೊಂಡು ಏನ್ ಮಾಡ್ತಿ? ಖುರ್ಚಿ ಏನ್ ಊಟಕ್ಕ ಹಾಕ್ತದೇನು?"

ಅವಳು ಕೇಳಿದಳು, "ಗಂಡ ಸತ್ತ ಮ್ಯಾಲ ಕರಿ ಬಟ್ಟಿ ಉಟ್ಕೊಂಡು ನಲವತ್ತು ವರ್ಷ ಆಳಿದಾಕಿ ಅಂತ ಹೇಳಿದ್ದಿಯಲ್ಲ ನೀ, ಆಕಿ ರಾಜೀನಾಮಿ ಕೊಟ್ಟಿದ್ಲೇನಕ್ಕ?"

"ಅದು ಬ್ಯಾರೆ, ಇದು ಬ್ಯಾರೆ," ಎಂದು ನಾನು ಪೆನ್ನಿನ ಕ್ಯಾಪು ತೆಗೆದೆ.

ಹಾಗೆ ಎಂದವಳು ನಾನೇ. ಎಂದೂ ಯಾವ ಸಭೆಯಲ್ಲೂ ಇದನ್ನು ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಇಷ್ಟೇ ಆಗಿದ್ದರೆ ಹೆದರಿಕೆ ಎಂದು ಕ್ಷಮಿಸಿಕೊಳ್ಳಬಹುದಿತ್ತು. ಆದರೆ ನಾನು ಆ ರಾಜೀನಾಮೆಯನ್ನು ಆಸೆಪಟ್ಟು ಬರೆದೆ. ನನ್ನ ಪತಿಯವರ ಅಕಾಲಿಕ ನಿಧನದಿಂದ ಮಾನಸಿಕವಾಗಿ ಕುಗ್ಗಿರುವ ನಾನು ಎಂದು ಶುರುಮಾಡಿ, ಕುಗ್ಗಿರುವ ಎಂಬುದನ್ನು ಹೊಡೆದು ಜರ್ಜರಿತಳಾಗಿರುವ ಎಂದು ತಿದ್ದಿ, ಬೇರೆ ಹಾಳೆಯಲ್ಲಿ ದುಂಡಗೆ ನಕಲು ಮಾಡಿದೆ. ಮೈದುನ ಓದಿ, "ಭಾರಿ ಆಗ್ಯಾದ್ರೀ ಅಕ್ಕಾರ," ಎಂದ. ನನಗೆ ಒಳಗೊಳಗೆ ಖುಷಿಯಾಯಿತು. ಅವಳು ಹಾಳೆಯನ್ನು ಓದದೆ ಸಹಿ ಮಾಡಿದಳು. ಮರುದಿನ ಅವನೇ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಕಲಬುರಗಿಯ ಸಹಾಯಕ ಆಯುಕ್ತರ ಕಚೇರಿಗೆ ಹೋಗಿ ಕೊಡಿಸಿ ಬಂದ. ನಾನು ಬಸ್ಸು ಹಿಡಿದು ಮನೆಗೆ ಬಂದೆ.

ವಾರದೊಳಗೆ ಅವನ ಫೋನು ಬಂತು. ದನಿಯಲ್ಲಿ ಅಕ್ಕಾರ ಎನ್ನುವ ಮರ್ಯಾದೆ ಅರ್ಧ ಕರಗಿತ್ತು.

"ನೀವೇ ಕಲಿಸಿಕೊಟ್ರೇನ್ರೀ ಇದನ್ನ?"

"ಯಾವುದನ್ನ?"

"ಅತ್ತಿಗಿ ರಾಜೀನಾಮಿ ವಾಪಸ್ ತಗೊಂಡಾಳ. ಮುಂಜಾನಿ ಗುಡಿಗಿ ಹೋಗ್ತೀನಿ ಅಂತ ಹೇಳಿ ಒಬ್ಬಾಕಿನ ಬಸ್ ಹತ್ತಿ ಹೋಗಿ ಆಫೀಸ್‌ನ್ಯಾಗ ಬರ್ದು ಕೊಟ್ಟು ಬಂದಾಳ. ಇಂಥಾವೆಲ್ಲ ಆಕಿ ತಲ್ಯಾಗ ಬರೋವಲ್ರೀ. ನಿಮ್ಮದೇ ಕಾರಭಾರ ಅದ."

ರಾಜೀನಾಮೆ ಕೊಟ್ಟವರಿಗೆ ಅದನ್ನು ಹಿಂದಕ್ಕೆ ಪಡೆಯಲು ಕೆಲವು ದಿನ ಅವಕಾಶವಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಇತಿಹಾಸದ ಪ್ರಾಧ್ಯಾಪಕಿಗೆ ಗೊತ್ತಿಲ್ಲದ್ದನ್ನು ಅವಳು ಕಾಗದ ಕೊಟ್ಟ ದಿನವೇ ಗುಮಾಸ್ತನನ್ನು ಕೇಳಿ ತಿಳಿದುಕೊಂಡಿದ್ದಳು. ನಾನಲ್ಲಪ್ಪ ಎಂದು ಅವನಿಗೆ ನಿಜ ಹೇಳಿದೆ. ಅವನು ನಂಬಲಿಲ್ಲ. ಅವನ ಆರೋಪ ನಿಜವಾಗಿದ್ದರೆ ನಾನು ಎಷ್ಟು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ. ಸಹಾಯಕ ಆಯುಕ್ತರ ಕಚೇರಿಯಿಂದ ನನ್ನ ಮನೆಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಆ ದಿನ ತಂಗಿ ಕಲಬುರಗಿಗೆ ಬಂದವಳು ನನ್ನ ಮನೆಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಅದು ನನ್ನನ್ನು ಚುಚ್ಚಿತು. ಬಂದಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿಕೊಂಡೆ. ಬೇಡ ಎಂದೇ ಹೇಳುತ್ತಿದ್ದೆ.

ಆಮೇಲೆ ಮಾತ್ರ ನನ್ನ ಶೌರ್ಯ ಉಕ್ಕಿತು. ಮುಂದಿನ ಪಂಚಾಯಿತಿ ಸಭೆ ಯಾವತ್ತು ಎಂದು ಅವಳ ಮಗಳಿಂದ ತಿಳಿದುಕೊಂಡೆ. ಕಪಾಟಿನಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಉಟ್ಟುಕೊಂಡೆ. ಮೈದುನನಾಗಲಿ ಉಪಾಧ್ಯಕ್ಷನಾಗಲಿ ಬಾಯಿ ತೆರೆದರೆ ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ವಾಕ್ಯ ಜೋಡಿಸಿದೆ. ಅವಳ ಕುರ್ಚಿಯ ಪಕ್ಕದಲ್ಲಿ ನನ್ನದೊಂದು ಕುರ್ಚಿ, ಸದಸ್ಯರೆಲ್ಲ ನನ್ನ ಮಾತಿಗೆ ತಲೆದೂಗುವುದು, ಎಲ್ಲವೂ ಕಣ್ಣಿಗೆ ಕಟ್ಟಿತ್ತು. ಮಹಾಗಾಂವ ದಾಟುವಷ್ಟರಲ್ಲಿ ಭಾಷಣವೇ ತಯಾರಾಗಿತ್ತು.

ನಾನು ಕಚೇರಿಯ ಬಾಗಿಲು ದಾಟಿದಾಗ ಅವಳು ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಸಭೆಯ ಪುಸ್ತಕ, ಮೂಗಿನ ಮೇಲೆ ಕನ್ನಡಕ. ಸದಸ್ಯರು ಅರ್ಧದಷ್ಟು ಬಂದಿದ್ದರು, ಉಪಾಧ್ಯಕ್ಷ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅವಳು ನನ್ನನ್ನು ನೋಡಿ ಎದ್ದು ಬಂದಳು.

"ಊಟ ಆಗ್ಯಾದೇನಕ್ಕ?"

"ಆಗ್ಯಾದ."

"ಹಂಗಿದ್ರ ಜರಾ ಹೊರಗ ಕೂಡು. ಒಳಗ ಮೆಂಬರ್ ಮಂದಿ ಅಷ್ಟ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. "ನಿನ್ನ ಜೋಡಿ ಇರಾಕ ಬಂದೀನಿ. ನಿಂಗ ತಿಳಿಲಾರದ್ದು ಹೇಳಿಕೊಡ್ತೀನಿ," ಎಂದೆ.

"ನಮ್ಮನಿಯವರೂ ಹಂಗ ಅಂತಿದ್ರಕ್ಕ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ, ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು. ಬಾಗಿಲವರೆಗೆ ಕರೆದುಕೊಂಡು ಬಂದು ಬಿಟ್ಟು, ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಅಷ್ಟು ಮಂದಿಯ ಮುಂದೆ ಹಾಗೆ ಅವಮಾನವಾದದ್ದು ನನ್ನ ನೆನಪಿನಲ್ಲಿ ಬೇರೆ ಇಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ಅಷ್ಟು ಉರಿಯಿತು.

ಹೊರಗೆ ಗೋಡೆಗೆ ಹೊಂದಿದ ಕಲ್ಲುಕಟ್ಟೆಯ ಮೇಲೆ ನಾಲ್ವರು ಗಂಡಸರು ಕೂತಿದ್ದರು. ಮಹಿಳಾ ಸದಸ್ಯರ ಗಂಡಂದಿರು. ಹೋದ ಸಭೆಯವರೆಗೂ ಒಳಗೆ ಕೂತು ಹೆಂಡತಿಯರ ಬದಲಿಗೆ ಮಾತಾಡುತ್ತಿದ್ದವರನ್ನು ಅವಳು ಈ ಹೊತ್ತು ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದ್ದಳು. ಒಳಗೆ ಅವಳ ದನಿ ಕೇಳುತ್ತಿತ್ತು, ಏನು ಹೇಳುತ್ತಿದ್ದಾಳೆಂದು ತಿಳಿಯುತ್ತಿರಲಿಲ್ಲ. ನಾಲ್ವರಲ್ಲಿ ತುದಿಗೆ ಕೂತಿದ್ದವನು ನನ್ನ ಸೀರೆಯನ್ನೂ ಮುಖವನ್ನೂ ನೋಡಿದ.

"ನಿಮ್ಮನ್ನೂ ಹೊರಗ ಹಾಕಿದ್ರೇನ್ರೀ ಮೇಡಂ?"

"ಹೂಂ," ಎಂದೆ.

ಅವನು ಸರಿದು ಜಾಗ ಮಾಡಿಕೊಟ್ಟ. ನಾನು ಆ ಸಾಲಿನಲ್ಲಿ ಐದನೆಯವಳಾಗಿ ಕೂತೆ.